ಬೆಳಕು ನಾಡಿಗೆ, ಹೊರೆ ಪಂಚಾಯಿತಿಗೆ



ಪಾವಗಡದ ಸೌರ ವಿದ್ಯುತ್ ಸ್ಥಾವರದ ಬಗ್ಗೆ ನಾವೆಲ್ಲರೂ ಹೆಮ್ಮೆಪಡುತ್ತೇವೆ. ಆ ಹೆಮ್ಮೆ ಸಕಾರಣವಾದುದೇ. ಬರಪೀಡಿತ ತಾಲ್ಲೂಕಿನ ಐದು ಗ್ರಾಮಗಳ ಸುಮಾರು ೧೩,೦೦೦ ಎಕರೆಯಲ್ಲಿ ಹರಡಿರುವ ಅದು ೨೦೧೮ರಲ್ಲಿ ಉದ್ಘಾಟನೆಗೊಂಡು, ೨೦೧೯ರ ಅಂತ್ಯಕ್ಕೆ ೨,೦೫೦ ಮೆಗಾವ್ಯಾಟ್ ಸಾಮರ್ಥ್ಯವನ್ನು ಮುಟ್ಟಿತು. ಭೂಮಿಯನ್ನು ಕಿತ್ತುಕೊಳ್ಳದೆ, ಎಕರೆಗೆ ವರ್ಷಕ್ಕೆ ೨೧,೦೦೦ ರೂಪಾಯಿಯಿಂದ ಆರಂಭಿಸಿ ಗುತ್ತಿಗೆಗೆ ಪಡೆದ ಕ್ರಮವೂ ಶ್ಲಾಘನೀಯ. ಆದರೆ ಆ ಹಣ ಸಂದದ್ದು ಭೂಮಿಯುಳ್ಳವರಿಗೆ. ಅದೇ ಹೊಲದಲ್ಲಿ ಕೂಲಿ ಮಾಡುತ್ತಿದ್ದವರಿಗೆ, ಕುರಿ ಮೇಯಿಸುತ್ತಿದ್ದವರಿಗೆ ಗುತ್ತಿಗೆಯ ಪಾಲಿಲ್ಲ. ಅಂಥವರು ಮೊದಲು ಹೋಗಿ ನಿಲ್ಲುವುದು ಗ್ರಾಮ ಪಂಚಾಯಿತಿಯ ಬಾಗಿಲಲ್ಲಿ.

ಸ್ಥಾವರ ಸೌರದ್ದಿರಲಿ, ಕಲ್ಲಿದ್ದಲಿನದಿರಲಿ, ಕಾಮಗಾರಿ ಆರಂಭವಾದ ದಿನವೇ ಹೊರೆಯೂ ಆರಂಭವಾಗುತ್ತದೆ. ಕಾರ್ಮಿಕರು ಬರುತ್ತಾರೆ, ಲಾರಿಗಳು ಬರುತ್ತವೆ, ಬಾಡಿಗೆ ಏರುತ್ತದೆ, ನೀರು ಸಾಲದಾಗುತ್ತದೆ. ಸಂವಿಧಾನದ ೭೩ನೆಯ ತಿದ್ದುಪಡಿ ಪಂಚಾಯಿತಿಗಳಿಗೆ ವಹಿಸಬಹುದಾದ ೨೯ ವಿಷಯಗಳನ್ನು ಪಟ್ಟಿಮಾಡಿತು. ಕುಡಿಯುವ ನೀರು, ರಸ್ತೆ, ನೈರ್ಮಲ್ಯ ಅವುಗಳಲ್ಲಿ ಸೇರಿವೆ. ಕರ್ತವ್ಯವನ್ನು ಕೊಟ್ಟೆವು, ಕಾಸನ್ನು ಕೊಡಲಿಲ್ಲ. ಮನೆಗಂದಾಯದ ಬಲದಿಂದ ಮಹಾಸ್ಥಾವರದ ಭಾರವನ್ನು ಹೊರಲಾದೀತೆ?

ಅಮೆರಿಕದ ವಯೋಮಿಂಗ್ ರಾಜ್ಯದ ಜಿಲೆಟ್ ಪಟ್ಟಣವನ್ನು ನೋಡಿ. ತೈಲ ಮತ್ತು ಕಲ್ಲಿದ್ದಲಿನ ಭರಾಟೆಯಲ್ಲಿ ೧೯೬೦ರಲ್ಲಿ ೩,೫೮೦ ಇದ್ದ ಅದರ ಜನಸಂಖ್ಯೆ ೧೯೭೦ಕ್ಕೆ ೭,೧೯೪, ೧೯೮೦ಕ್ಕೆ ೧೨,೧೩೪ ಆಯಿತು. ಕುಡಿತ, ಜಗಳ, ಮುರಿದ ಸಂಸಾರಗಳು ಎಷ್ಟು ಹೆಚ್ಚಿದುವೆಂದರೆ ಅದಕ್ಕೆ ‘ಜಿಲೆಟ್ ಸಿಂಡ್ರೋಮ್’ ಎಂಬ ಹೆಸರೇ ಬಿತ್ತು. ೧೯೭೫ರಲ್ಲಿ ಆ ರಾಜ್ಯ ಒಂದು ಕಾಯಿದೆ ಮಾಡಿತು: ದೊಡ್ಡ ಸ್ಥಾವರ ಕಟ್ಟುವವರು ಸ್ಥಳೀಯ ಜನಜೀವನದ ಮೇಲಾಗುವ ಪರಿಣಾಮವನ್ನು ಮೊದಲೇ ನಿರೂಪಿಸಿ ಅನುಮತಿ ಪಡೆಯಬೇಕು. ಕಾಮಗಾರಿಯ ಅವಧಿಯಲ್ಲಿಯೇ ಸ್ಥಳೀಯ ಸರಕಾರಗಳಿಗೆ ನೆರವಿನ ಹಣ ಸಲ್ಲುವ ವ್ಯವಸ್ಥೆಯೂ ಅಲ್ಲಿದೆ.

ನಮ್ಮಲ್ಲಿ ಈ ತತ್ತ್ವ ಅಪರಿಚಿತವೇನಲ್ಲ. ೨೦೦೮ರ ಕೇಂದ್ರ ಜಲವಿದ್ಯುತ್ ನೀತಿ ಶೇ. ೧ರಷ್ಟು ವಿದ್ಯುತ್ತನ್ನು ಸ್ಥಳೀಯ ಅಭಿವೃದ್ಧಿಗೆಂದು ತೆಗೆದಿರಿಸಿತು. ೨೦೧೫ರ ತಿದ್ದುಪಡಿ ಗಣಿ ಪ್ರದೇಶಗಳಿಗೆ ಜಿಲ್ಲಾ ಖನಿಜ ಪ್ರತಿಷ್ಠಾನವನ್ನು ಕೊಟ್ಟಿತು. ೨೦೧೩ರ ಕಂಪನಿ ಕಾಯಿದೆಯ ಶೇ. ೨ರ ಸಾಮಾಜಿಕ ಹೊಣೆಗಾರಿಕೆಯೂ ಇದೆ. ಆದರೆ ಕಂಪನಿಯ ಹಣದ ವಿನಿಯೋಗವನ್ನು ನಿರ್ಣಯಿಸುವುದು ಕಂಪನಿ. ಖನಿಜ ನಿಧಿಯದನ್ನು ಜಿಲ್ಲಾಮಟ್ಟದ ಸಮಿತಿ. ಗ್ರಾಮಸಭೆ ಅರ್ಜಿ ಹಿಡಿದು ನಿಲ್ಲಬೇಕು. ಹಕ್ಕನ್ನು ದಾನವಾಗಿಸುವುದು ಅನ್ಯಾಯ.

“ಪಂಚಾಯಿತಿಗೆ ಕೊಟ್ಟರೆ ನುಂಗಿಬಿಡುತ್ತಾರೆ” ಎನ್ನುವವರಿದ್ದಾರೆ. ಲೆಕ್ಕ ತಪ್ಪಿದ ಹುಡುಗನ ಕೈಯಿಂದ ಸ್ಲೇಟು ಕಸಿದುಕೊಂಡರೆ ಅವನು ಲೆಕ್ಕ ಕಲಿಯುವುದೆಂದು? ಮೇಲಿನ ಕಚೇರಿಗಳಲ್ಲಿ ನುಂಗುವವರೇ ಇಲ್ಲವೆ? ಜಮಾಖರ್ಚನ್ನು ಪಂಚಾಯಿತಿಯ ಗೋಡೆಯ ಮೇಲೆ ಬರೆಸಿ. ಊರೇ ಲೆಕ್ಕ ತಪಾಸಣೆ ಮಾಡಲಿ.

ಆದುದರಿಂದ ಎಲ್ಲ ವಿದ್ಯುತ್ ಸ್ಥಾವರಗಳಿಗೂ ಅನ್ವಯಿಸುವ ಒಂದೇ ಕಾನೂನು ಬೇಕು. ಉತ್ಪಾದನೆಯಾಗುವ ಪ್ರತಿ ಯೂನಿಟ್‌ನಲ್ಲಿ ಒಂದು ನಿಗದಿತ ಪಾಲು ನೇರವಾಗಿ ಗ್ರಾಮ ಪಂಚಾಯಿತಿಗೆ ಸಲ್ಲಬೇಕು. ಮೊದಲ ಕಂತು ಗುದ್ದಲಿ ಪೂಜೆಗೆ ಮುನ್ನವೇ ಬರಬೇಕು. ಭೂಹೀನರ ಜೀವನೋಪಾಯಕ್ಕೆ ಅದರಲ್ಲಿ ಮೀಸಲಿರಬೇಕು.

ನಿಮ್ಮಲ್ಲಿ ಕೆಲವರು ಇಂಜಿನಿಯರುಗಳು, ಕೆಲವರು ಅಧಿಕಾರಿಗಳು. ಮುಂದಿನ ಯೋಜನೆಯ ಕಡತ ನಿಮ್ಮ ಮೇಜಿಗೆ ಬಂದಾಗ, ಪಂಚಾಯಿತಿಯ ಪಾಲೆಷ್ಟು ಎಂದು ಕೇಳಿ. ಉತ್ತರವಿಲ್ಲದ ಕಡತಕ್ಕೆ ಸಹಿ ಹಾಕಬೇಡಿ.