ಸಾವಿನ ಲೆಕ್ಕದಲ್ಲಿ ಕಾಣದ ಕ್ಯಾನ್ಸರ್

ರಾಮಕೃಷ್ಣಪುರದ ದೆಹಲಿ ಕರ್ನಾಟಕ ಸಂಘವನ್ನು ಅರಿಯದ ದೆಹಲಿ ಕನ್ನಡಿಗರು ವಿರಳ. ಅದೇ ಬಡಾವಣೆಯ ವೆಸ್ಟ್ ಬ್ಲಾಕಿನಲ್ಲಿ ರಿಜಿಸ್ಟ್ರಾರ್ ಜನರಲ್ ಕಚೇರಿಯ ಜನನ-ಮರಣ ವಿಭಾಗವು ಅನೇಕ ವರ್ಷ ಕೆಲಸ ನಡೆಸಿತೆಂಬುದನ್ನು ಅರಿತವರು ಇನ್ನೂ ವಿರಳ. ಇಡೀ ದೇಶದ ಸಾವಿನ ಲೆಕ್ಕ ಕೂಡುವುದು ಆ ವಿಭಾಗದಲ್ಲಿ.

ಕ್ಯಾನ್ಸರಿನಿಂದ ಸಾಯುವವರೆಷ್ಟೆಂದು ಆ ಲೆಕ್ಕದಿಂದ ತಿಳಿಯಬಹುದೆ? ತಿಳಿಯಲಾಗದೆಂದೇ ನಮ್ಮ ಅಭಿಪ್ರಾಯ. 2020ರಲ್ಲಿ ನೋಂದಣಿಯಾದ ಮರಣಗಳು ಸುಮಾರು 81 ಲಕ್ಷ. ಅವುಗಳಲ್ಲಿ ವೈದ್ಯರು ಕಾರಣವನ್ನು ಬರೆದುಕೊಟ್ಟದ್ದು ನೂರಕ್ಕೆ 22.5ಕ್ಕೆ ಮಾತ್ರ. ಬರೆದುಕೊಟ್ಟ ಪತ್ರದಲ್ಲಿಯೂ ಎಷ್ಟೋ ಸಲ ‘ಹೃದಯ ಸ್ತಂಭನ’ ಎಂದಷ್ಟೇ ಇರುತ್ತದೆ. ಸಾಯುವಾಗ ಯಾರ ಹೃದಯ ತಾನೆ ನಿಲ್ಲದು? ಹೃದಯವನ್ನು ನಿಲ್ಲಿಸಿದ ಮೂಲ ರೋಗ ಯಾವುದೆಂಬುದೇ ಪ್ರಶ್ನೆ.

ಈ ಕೊರತೆಯನ್ನರಿತು ರಿಜಿಸ್ಟ್ರಾರ್ ಜನರಲ್ ಕಚೇರಿಯೂ ಡಾ. ಪ್ರಭಾತ್ ಝಾ ಅವರ ತಂಡವೂ ಕೂಡಿ, 2001ರಿಂದ 2003ರವರೆಗಿನ ಸಾವುಗಳನ್ನು ಕುರಿತು ಮನೆಮನೆಯಲ್ಲಿ ವಿಚಾರಿಸಿದರು. ಅದರ ಆಧಾರದ ಮೇಲೆ, 2010ರಲ್ಲಿ ಕ್ಯಾನ್ಸರಿನಿಂದ ಸತ್ತವರು ಸುಮಾರು 5.56 ಲಕ್ಷವೆಂದು ಅಂದಾಜಾಯಿತು. ಅವರಲ್ಲಿ ನೂರಕ್ಕೆ 71 ಮಂದಿ 30ರಿಂದ 69 ವರ್ಷದೊಳಗಿನವರು. ಎಂದರೆ ಬಹುಪಾಲು ದುಡಿಯುವ ವಯಸ್ಸಿನವರು.

ನಮ್ಮ ಕಾರ್ಮಿಕ ಬಂಧುಗಳ ಸ್ಥಿತಿಯನ್ನೇ ನೋಡೋಣ. ಚಿಕಿತ್ಸೆ ದೆಹಲಿಯಲ್ಲಿ, ಕೈಚೆಲ್ಲಿದ ಮೇಲೆ ಕೊನೆಯುಸಿರು ಊರಿನಲ್ಲಿ. ಮರಣ ನೋಂದಣಿಯಾಗುವುದು ಸತ್ತ ಸ್ಥಳದಲ್ಲಿ. ಆಸ್ಪತ್ರೆಯ ಕಾಗದಗಳು ಇಲ್ಲಿಯ ಟ್ರಂಕಿನಲ್ಲೇ ಉಳಿದರೆ, ಅಲ್ಲಿ ರೋಗದ ಹೆಸರು ಹೇಳುವವರು ಯಾರು? ಮನೆಯವರೂ ಮಗಳ ಮದುವೆಗೆ ಅಡ್ಡಿಯಾದೀತೆಂದು ಆ ಹೆಸರನ್ನು ಮುಚ್ಚಿಡುವುದುಂಟು. ಅವರ ಅಳುಕು ನಮಗೆ ಅರ್ಥವಾಗುತ್ತದೆ. ಆದರೆ ಲೆಕ್ಕಕ್ಕೆ ಬಾರದ ರೋಗಕ್ಕೆ ಆಸ್ಪತ್ರೆಯೂ ಬಾರದು, ಹಣವೂ ಬಾರದು. ಕಾರ್ಖಾನೆಯ ಕಲ್ನಾರಿನ ಧೂಳಿನಿಂದ ರೋಗ ಬಂದಿದ್ದರೆ, ಹೆಂಡತಿ ಮಕ್ಕಳು ಪರಿಹಾರ ಕೇಳುವಾಗ ಕೈಯಲ್ಲಿ ಆಧಾರವೂ ಇರದು.

1969ರ ಕಾಯಿದೆಗೆ 2023ರಲ್ಲಿ ತಿದ್ದುಪಡಿಯಾಗಿದೆ. ಆಸ್ಪತ್ರೆ ಸರಕಾರದ್ದಾಗಲಿ ಖಾಸಗಿಯದಾಗಲಿ, ಮರಣಕಾರಣದ ಪತ್ರವನ್ನು ಪುಕ್ಕಟೆಯಾಗಿ ಕೊಡಬೇಕು. ಅದರ ಪ್ರತಿ ಹತ್ತಿರದ ಬಂಧುವಿಗೂ ಸಿಗಬೇಕು. ಮನೆಯಲ್ಲಿ ಸತ್ತರೂ, ಕೊನೆಯ ಕಾಯಿಲೆಗೆ ಚಿಕಿತ್ಸೆ ಮಾಡಿದ ವೈದ್ಯರು ಬರೆದುಕೊಡಬೇಕು. ನೋಂದಣಿಗೆ 21 ದಿನಗಳ ಅವಧಿಯಿದೆ.

ಆದುದರಿಂದ ಸದಸ್ಯರಲ್ಲಿ ನಮ್ಮ ವಿನಂತಿ ಇಷ್ಟೆ: ಊರಿಗೆ ಹೊರಡುವ ರೋಗಿಯೊಡನೆ ಆಸ್ಪತ್ರೆಯ ಕಾಗದಗಳನ್ನೂ ಕಳಿಸಿ. ದುಃಖದ ಆ ದಿನ ಮನೆಯವರಿಗೆ ಇದಾವುದೂ ತೋಚದು. ಜೊತೆಗಿರುವ ಗೆಳೆಯರೇ ಮುಂದೆ ನಿಂತು ಮೂಲ ರೋಗದ ಹೆಸರನ್ನು ಬರೆಸಬೇಕು. ಸತ್ತವರಿಗೆ ಅದರಿಂದ ಪ್ರಯೋಜನವಿಲ್ಲ, ನಿಜ. ಪ್ರಯೋಜನವಿರುವುದು ನಾಳೆ ಅದೇ ರೋಗಕ್ಕೆ ಬೀಳುವವರಿಗೆ.