ಬಾಗಿಲು ತೆರೆದ ಸರ್ವೆತ್



ಪತ್ತೇದಾರಿ ಕಾದಂಬರಿಯಲ್ಲಿ ಕೊಲೆಗಾರನನ್ನೇ ಹುಡುಕಬೇಕೆಂದಿಲ್ಲ. 2008ರಲ್ಲಿ ಪ್ರಕಟವಾದ ಜೆರಾಲ್ಡಿನ್ ಬ್ರೂಕ್ಸ್‌ರ ‘ಪೀಪಲ್ ಆಫ್ ದಿ ಬುಕ್’ನಲ್ಲಿ ಹುಡುಕಾಟ ನಡೆಯುವುದು ಒಂದು ಗ್ರಂಥದ ಪುಟಗಳಲ್ಲಿ. 1996ರಲ್ಲಿ ಸರಾಯೇವೊಗೆ ಬರುವ ಹನ್ನಾ, ಪುರಾತನ ಯಹೂದಿ ಗ್ರಂಥವೊಂದನ್ನು ದುರಸ್ತಿ ಮಾಡುತ್ತಾಳೆ. ಅದರೊಳಗೆ ಕೀಟದ ರೆಕ್ಕೆ, ದ್ರಾಕ್ಷಾರಸದ ಕಲೆ, ಉಪ್ಪಿನ ಹರಳು, ಒಂದು ಬಿಳಿ ಕೂದಲು. ಒಂದೊಂದರ ಬೆನ್ನು ಹಿಡಿದು ಕಥೆ 1480ರ ಸ್ಪೇನ್‌ವರೆಗೂ ಹಿಂದಕ್ಕೆ ಸಾಗುತ್ತದೆ.

ಕಥೆ ಕಲ್ಪಿತ, ಗ್ರಂಥ ನಿಜ. 1942ರಲ್ಲಿ ಅದನ್ನು ನಾಝಿಗಳ ಕೈಗೆ ಸಿಗದಂತೆ ಉಳಿಸಿದವರು ಸರಾಯೇವೊ ಮ್ಯೂಸಿಯಂನ ಮುಸ್ಲಿಮ್ ಗ್ರಂಥಪಾಲಕ ದರ್ವೀಶ್ ಕೋರ್ಕುತ್. ಅದೇ ವರ್ಷ ಅವರು ಮೀರಾ ಎಂಬ ಯಹೂದಿ ಹುಡುಗಿಯನ್ನೂ ಮನೆಗೆ ಕರೆತಂದರು. ಪತ್ನಿ ಸರ್ವೆತ್‌ರ ಮಡಿಲಲ್ಲಿ ಎಳೆ ಮಗು. ಗುಟ್ಟು ಬಯಲಾದರೆ ಮನೆಮಂದಿಗೆಲ್ಲ ಸಾವು. ಆದರೂ ಆಕೆ ಹುಡುಗಿಗೆ ಮುಸುಕು ಹೊದಿಸಿ, ಅಮೀರಾ ಎಂದು ಕರೆದು, ಮನೆಗೆಲಸದವಳೆಂದು ಹೇಳಿ ಕಾಪಾಡಿದರು.

1994ರಲ್ಲಿ ಇಸ್ರೇಲಿನ ಯಾದ್ ವಾಶೆಮ್ ಸಂಸ್ಥೆ ಈ ದಂಪತಿಯನ್ನು ಗೌರವಿಸಿತು. 1999ರ ಕೊಸೊವೊ ಯುದ್ಧದಲ್ಲಿ ಅವರ ಮಗಳು ಲಮಿಯಾ ನಿರಾಶ್ರಿತಳಾದಾಗ ಕೈ ಹಿಡಿದದ್ದು ಅದೇ ಗೌರವಪತ್ರ. ಯಹೂದಿ ಸಮುದಾಯ ನೆರವಿಗೆ ಬಂತು. ಇಸ್ರೇಲಿನಲ್ಲಿ ಆಕೆಯನ್ನು ಎದುರುಗೊಂಡವನು ಮೀರಾಳ ಮಗ!

ಕಾದಂಬರಿಯಲ್ಲಿ ಈ ದಂಪತಿಗೆ ಬೇರೆ ಹೆಸರುಗಳಿವೆ. ಗ್ರಂಥ ಉಳಿಸಿದವರನ್ನು ಚರಿತ್ರೆ ನೆನೆಯುತ್ತದೆ; ಅನ್ನ ಬಡಿಸಿ, ಬಾಯಿ ಬಿಗಿಹಿಡಿದು ಜೀವ ಉಳಿಸಿದವರನ್ನು? ನಿಮ್ಮ ಅಜ್ಜಿಯೂ ಯಾರಿಗೋ ಬಾಗಿಲು ತೆರೆದಿರಬಹುದು. ಇಂದೇ ಕೇಳಿ, ಬರೆದಿಡಿ. ಮುಂದೊಂದು ದಿನ ನಿಮ್ಮ ಮೊಮ್ಮಗಳು ಅದನ್ನು ಹುಡುಕುತ್ತಾಳೆ.