ಉತ್ತರಕೃತಿಯ ಮೇಲ್ಮೆ
ಮುಂದುವರಿದ ಕಥೆಯು ಮೊದಲಿನದಕ್ಕಿಂತ ಕೀಳೇ ಎಂಬ ವಾದವನ್ನು ನಮ್ಮ ಸುರಪುರ, ಶಹಾಪುರಗಳ ರಸಿಕರೂ ಶಾಸ್ತ್ರವಾಕ್ಯದಂತೆ ಒಪ್ಪಿರುವರು. ಇದು ಸರ್ವಥಾ ಅಸಂಗತವು. ಭವಭೂತಿಯ ಮಹಾವೀರಚರಿತಕ್ಕಿಂತ ಉತ್ತರರಾಮಚರಿತವನ್ನೇ ಪಂಡಿತರು ಕೊಂಡಾಡುವುದಿಲ್ಲವೇ?

ಚಲಚ್ಚಿತ್ರದಲ್ಲಿಯೂ ಹಾಗೆಯೇ. ಪಿ. ವಾಸು ಅವರು 2004ರಲ್ಲಿ ನಿರ್ದೇಶಿಸಿದ ‘ಆಪ್ತಮಿತ್ರ’ದಲ್ಲಿ ಸೌಂದರ್ಯಾ ಅವರ ಅಭಿನಯವು ಮರೆಯಲಾಗದ್ದು, ನಿಜ. ಆದರೆ ಕಥೆಯು 1993ರ ಮಲಯಾಳ ಚಿತ್ರ ‘ಮಣಿಚಿತ್ರತ್ತಾಳ್’ನ ಋಣ; ಬಾಧೆಯು ಕಡೆಗೆ ಮನೋವ್ಯಾಧಿಯಾಯಿತು, ಅರಸನು ಬರಿಯ ಗತಕಥೆಯಾದನು. 2010ರ ‘ಆಪ್ತರಕ್ಷಕ’ದಲ್ಲಿ ಆ ಅರಸನೇ ನೂರು ವರ್ಷ ಮೀರಿಯೂ ಬದುಕಿ ಎದುರು ನಿಲ್ಲುವನು, ವೈದ್ಯನೂ ಅರಸನೂ ವಿಷ್ಣುವರ್ಧನರೇ. ಅದ್ಭುತರಸವು ಪುಷ್ಟವಾದದ್ದು ಇಲ್ಲಿ. ಅದೇ ವರ್ಷ ಈ ಕಥೆಯು ‘ನಾಗವಲ್ಲಿ’ಯೆಂಬ ಹೆಸರಿನಿಂದ ತೆಲುಗಿಗೆ ಹೋಯಿತು.

ಮೊದಲನೆಯದು ಸಾಲ ತಂದಿತು. ಎರಡನೆಯದು ಸಾಲ ಕೊಟ್ಟಿತು. ಕನ್ನಡದ ಮಾನವು ಯಾವುದರಿಂದ ಹೆಚ್ಚಿತೆಂಬುದನ್ನು ವಾಚಕರೇ ನಿರ್ಣಯಿಸಲಿ.